ಅಭ್ಯಾಸ ಕೇಂದ್ರದ ಉದ್ಘಾಟನೆ

ರೋಬೋಟು ಓಡಬೇಕಾದ ಮ್ಯಾಟಿನ ಮೇಲೆಯೇ ಅತಿಥಿಗಳ ಕುರ್ಚಿ ಹಾಕಿಬಿಟ್ಟಿದ್ದರು. ಮ್ಯಾಟಿನ ಸುತ್ತ ಮಕ್ಕಳು ಕಟ್ಟಿಕೊಂಡಿದ್ದ ಗೇಣೆತ್ತರದ ಮರದ ಗೋಡೆಯನ್ನು ಬಿಚ್ಚಿ ವೇದಿಕೆಗೆ ಆಸರೆ ಕೊಟ್ಟಿದ್ದರು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕೆಂಪು ಜಮಖಾನ, ಜಮಖಾನದ ಮೇಲೆ ಸಂಘದ ಅಧ್ಯಕ್ಷ ಪೂವಪ್ಪನವರು.

“ಪಪ್ಪ, ಇದು ನಮಗೆ ಕೊಟ್ಟ ಜಾಗ ಅಲ್ವಾ?” ಯಕ್ಷಿತಾ ಬಾಗಿಲಲ್ಲೇ ಅಪ್ಪನ ಅಂಗಿಯ ತೋಳು ಹಿಡಿದಳು.

“ಹೌದು ಮಗಳೇ. ಅದನ್ನು ಕೊಡುವ ಕಾರ್ಯಕ್ರಮವೇ ಇದು,” ಎಂದ ಶೇಖರ.

“ಮುಗಿದ ಮೇಲೆ ಸಿಗ್ತದಾ?”

“ಮುಗಿದ ಮೇಲೆ ಊಟ. ಅದೂ ಇಲ್ಲೇ.”

ಶೇಖರ ಘಾಟ್ಕೋಪರಿನ ಈ ಕನ್ನಡ ಸಂಘದ ಕಾರ್ಯದರ್ಶಿ. ಹಳೇ ಕಪಾಟು, ಒಡೆದ ಹಾರ್ಮೋನಿಯಂ ತುಂಬಿದ್ದ ಹಾಲನ್ನು ಮಕ್ಕಳ ರೋಬೋಟ್ ತಂಡಗಳಿಗೆ ಬಿಟ್ಟುಕೊಡಿ ಎಂದು ಸಮಿತಿಯ ಕೈಕಾಲು ಹಿಡಿದು ಒಪ್ಪಿಸಿದವನು ಅವನೇ. ಮಗಳ ತಂಡ ಬಿಲ್ಡಿಂಗಿನ ಟೆರೇಸಿನಲ್ಲಿ ಅಭ್ಯಾಸ ಮಾಡುತ್ತಿತ್ತು, ವಿಕ್ರೋಳಿಯ ತಂಡ ಪಾರ್ಕಿಂಗಿನಲ್ಲಿ. ಎರಡೂ ಕಡೆ ವಾಚ್‌ಮನ್ ಓಡಿಸಿದ್ದ. ಮುಖ ಕೊಟ್ಟು ಮಾತಾಡದ ಆ ಎರಡು ತಂಡಗಳು ಒಂದೇ ಮ್ಯಾಟು ಹಂಚಿಕೊಳ್ಳಲು ಒಪ್ಪಿದ್ದೂ ಬೇರೆ ಗತಿಯಿಲ್ಲದೆ. ಸ್ಪರ್ಧೆ ನಾಳೆ, ರೋಬೋಟುಗಳನ್ನು ಇವತ್ತು ಸಂಜೆಯೊಳಗೆ ಅಲ್ಲಿಗೆ ಒಪ್ಪಿಸಬೇಕು. ಯಕ್ಷಿತಾಳದ್ದು ಎಡಕ್ಕೆ ತಿರುಗುವ ಬದಲು ಇನ್ನೂ ಗೋಡೆಗೆ ಹೋಗಿ ಗುದ್ದುತ್ತಿತ್ತು.

ಸಂಘದಲ್ಲೊಂದು ಪದ್ಧತಿಯಿದೆ. ವೇದಿಕೆಯ ಮೇಲಿದ್ದವರನ್ನು ಶಾಲು ಹೊದಿಸದೆ ಇಳಿಸುವುದಿಲ್ಲ, ಕೆಳಗಿದ್ದವರನ್ನು ವೇದಿಕೆಗೆ ಹತ್ತಿಸದೆ ಕಳಿಸುವುದಿಲ್ಲ. ಫ್ಯಾನು ಕೊಟ್ಟವರಿಗೆ ಸನ್ಮಾನವಾಯಿತು, ಪರದೆ ಕೊಟ್ಟವರಿಗೆ ಆಯಿತು, ಕೊನೆಗೆ ಶಾಲುಗಳನ್ನು ತಂದವರಿಗೂ ಒಂದು ಶಾಲು ಹೊದಿಸಲಾಯಿತು. ಪೂವಪ್ಪನವರು ವಿಜ್ಞಾನದ ಬಗ್ಗೆ ಮಾತಾಡುತ್ತ ತಮ್ಮ ಹೋಟೆಲಿನ ಮೊದಲ ಗ್ರೈಂಡರಿಗೆ ಬಂದರು, ಅಲ್ಲಿಂದ ವಾಪಸು ಬರಲಿಲ್ಲ. ಶೇಖರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗಳಿಗೆ ಮಾತು ಕೊಟ್ಟವನು ತಾನು, ಆ ಮಾತನ್ನು ಹೂವಿನ ಹಾರ ಹಾಕಿ ಮುರಿಯುತ್ತಿರುವವನೂ ತಾನೇ ಅನ್ನಿಸಿ ನಾಚಿಕೆಯಾಯಿತು. ಮೆಲ್ಲಗೆ ಹೊರಗೆ ಬಂದ.

ಹೊರಗೆ, ಚಪ್ಪಲಿ ಬಿಡುವ ಪ್ಯಾಸೇಜಿನಲ್ಲಿ, ಎರಡೂ ತಂಡದ ಮಕ್ಕಳು ಮಂಡಿಯೂರಿ ಕೂತಿದ್ದರು. ಅತಿಥಿಗಳ ಚಪ್ಪಲಿ, ಬೂಟುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಗೇಣೆತ್ತರದ ಗೋಡೆ ಎಬ್ಬಿಸಿದ್ದರು. ನಡುವೆ ಯಕ್ಷಿತಾಳ ರೋಬೋಟು ಹೋಗಿ, ತಿರುಗಲಾರದೆ, ಧಡ್ ಎಂದು ಗುದ್ದಿ ನಿಂತಿತು.

“ಅಂಕಲ್, ಈ ಬೂಟು ಯಾರದ್ದು? ಕಾರ್ನರ್‌ಗೆ ಏಕ್‌ದಮ್ ಫಿಟ್,” ಎಂದ ವಿಕ್ರೋಳಿಯ ಅಕ್ಷಯ.

“ಅಧ್ಯಕ್ಷರದ್ದು.”

“ಅವರು ಯಾವಾಗ ಹೊರಗೆ ಬರೋದು?”

ಅಷ್ಟರಲ್ಲಿ ಒಳಗಿನ ಮೈಕು ಕೂಗಿತು: “ಈಗ ಕಾರ್ಯದರ್ಶಿ ಶೇಖರ ಅವರಿಂದ ವಂದನಾರ್ಪಣೆ.”

“ಪಪ್ಪ, ಇನ್ನೂ ಸ್ವಲ್ಪ ಟೈಮ್ ಬೇಕು. ಬಸ್, ಥೋಡಾ,” ಎಂದಳು ಯಕ್ಷಿತಾ. ಅವಳ ಕಣ್ಣು ತುಂಬಿತ್ತು.

ಶೇಖರನ ವಂದನಾರ್ಪಣೆ ಚುಟುಕಾದದ್ದಕ್ಕೇ ಸಂಘದಲ್ಲಿ ಹೆಸರುವಾಸಿ. ಬಂದವರಿಗೆಲ್ಲ ವಂದನೆ, ಊಟ ಮಾಡಿಕೊಂಡೇ ಹೋಗಿ ಅಂದು ಇಳಿದುಬಿಡುವವನು. ಅದನ್ನು ನಂಬಿ ಹಿಂದಿನ ಸಾಲಿನವರು ಆಗಲೇ ಅರ್ಧ ಎದ್ದಿದ್ದರು. ಶೇಖರ ಮೈಕಿನ ಎತ್ತರ ಸರಿಮಾಡಿಕೊಂಡು ಶುರುಮಾಡಿದ. ಮೈಕಿನವರಿಗೆ ವಂದಿಸಿದ. ಬ್ಯಾನರ್ ಕಟ್ಟಿದವರಿಗೆ, ಅವರಿಗೆ ಏಣಿ ಕೊಟ್ಟ ಕೆಳಗಿನ ಅಂಗಡಿಯವರಿಗೆ, ಏಣಿ ಹಿಡಿದು ನಿಂತವರಿಗೆ ವಂದಿಸಿದ. ಹೊರಗೆ ಧಡ್ ಎಂದಾಗಲೆಲ್ಲ ಇನ್ನೊಬ್ಬರು ನೆನಪಾಗುತ್ತಿದ್ದರು. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೂ ಸಿಕ್ಕಿದ ಲೋಕಲ್ ರೈಲು ಹಿಡಿದು ಬಂದವರಿಗೆ ವಂದಿಸಿದ, ಮೆಗಾಬ್ಲಾಕ್ ಇದೆಯೆಂದು ಬಾರದೆ ಉಳಿದವರಿಗೂ ವಂದಿಸಿದ. ವಂದನಾರ್ಪಣೆಯ ನಡುವೆ ಎದ್ದು ಹೋಗುವುದು ಸಂಘದಲ್ಲಿ ಮಹಾ ಅವಮರ್ಯಾದೆ. ಅರ್ಧ ಎದ್ದವರು ಪೂರ್ತಿ ಕೂತರು.

“ಸಾಕು ಮಾರಾಯ, ಸಾಂಬಾರು ತಣಿತದೆ,” ಪೂವಪ್ಪನವರು ಹಿಂದಿನಿಂದ ಪಿಸುಗುಟ್ಟಿದರು.

“ಸಾಂಬಾರು ಮಾಡಿದವರ ಹತ್ತಿರವೇ ಬರ್ತಾ ಇದ್ದೇನೆ, ಪೂವಪ್ಪಣ್ಣ.”

ಸಾಂಬಾರು ಮುಗಿದು ಪಾಯಸಕ್ಕೆ ಬರುವಷ್ಟರಲ್ಲಿ ಹೊರಗಿನ ಸದ್ದು ನಿಂತಿತು. ಆಮೇಲೆ ಒಮ್ಮೆಲೇ ಕೇಕೆ, ಅದರಲ್ಲಿ ಮಗಳ ದನಿ. ಶೇಖರ ಈಗ ಇಳಿಯಬಹುದಿತ್ತು. ಆದರೆ ಮುಂದಿನ ಸರದಿ ವಿಕ್ರೋಳಿಯವರದು, ಇತ್ತ ವಂದಿಸಲು ಯಾರೂ ಉಳಿದಿರಲಿಲ್ಲ. ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯನ್ನು ಇನ್ನೊಮ್ಮೆ ತಿರುವಿದ. ಮೊದಲಿಂದ ಕೊನೆಯವರೆಗೆ ಹೆಸರುಗಳೇ, ಎಲ್ಲವನ್ನೂ ಹೇಳಿಯಾಗಿತ್ತು.

“ಕೊನೆಯದಾಗಿ,” ಎಂದ, “ಈ ಕೇಂದ್ರ ಯಾರಿಗೋಸ್ಕರ ಆಯಿತೋ ಆ ಮಕ್ಕಳಿಗೆ ವಂದನೆ.” ಒಬ್ಬೊಬ್ಬರ ಹೆಸರನ್ನೂ ನಿಧಾನವಾಗಿ ಹೇಳಿದ, ವಿಕ್ರೋಳಿಯವರದ್ದು ಮೊದಲು.

ಊಟ ಹತ್ತಿರವಾಯಿತೆಂದು ಜೋರು ಚಪ್ಪಾಳೆ ಬಿತ್ತು. ಪೂವಪ್ಪನವರು ಉತ್ಸಾಹದಿಂದ ಎದ್ದೇಬಿಟ್ಟರು. “ಛೇ, ಮೊದಲೇ ಹೇಳಬಾರದಾ? ಎಲ್ಲಿ ಆ ಮಕ್ಕಳು? ಕರೀರಿ ಮೇಲೆ. ಶಾಲು ಉಳಿದಿದೆ.”

“ಈಗ ಕರೆಯೋದು ಬೇಡ, ಪೂವಪ್ಪಣ್ಣ,” ಶೇಖರ ಮೈಕಿನಲ್ಲೇ ಹೇಳಿದ. “ಚಪ್ಪಲಿ ಬಿಡುವಲ್ಲಿ ಅಭ್ಯಾಸ ಮಾಡ್ತಾ ಇದ್ದಾರೆ. ಅವರಿಗೆ ಬೇರೆ ಜಾಗ ಇಲ್ಲ.”