ಕೆರೆಗೆ ಬೀಳುವ ದೃಶ್ಯ

ಮೂವತ್ತು ವರ್ಷದ ಹಿಂದೆ ಆ ಊರಿನಲ್ಲೇ ತೆಗೆದಿದ್ದ ಹಾಸ್ಯಚಿತ್ರ ಮತ್ತೆ ಟಾಕೀಸಿಗೆ ಬಂದಿತ್ತು. ಒಂದು ದೊಡ್ಡ ಸಂಸಾರದ ತುಂಟ ಹುಡುಗರ ಕಥೆ. ಕೆರೆಯ ದೃಶ್ಯ ತೆಗೆದ ದಿನವೇ ಪಾರ್ವತಮ್ಮನ ಮಗ ನಾಗೇಂದ್ರ ಆ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಆ ದೃಶ್ಯದಲ್ಲಿ, ಏರಿಯ ಮೇಲೆ ನಿಂತು ನೋಡುವ ಜನರ ಗುಂಪಿನಲ್ಲಿ ಅವನೂ ಕಾಣುತ್ತಾನೆಂದು ಯಾರೋ ಹೇಳಿದ್ದರು. ಇಷ್ಟು ವರ್ಷ ಧೈರ್ಯ ಸಾಲದೆ ಸುಮ್ಮನಿದ್ದ ಪಾರ್ವತಮ್ಮ, ಒಲ್ಲೆನೆಂದ ಮೈದುನ ಮಹದೇವನನ್ನೂ ಬಿಡದೆ ಕರೆತಂದಿದ್ದರು.

ಪರದೆಯಲ್ಲಿ ಚಿತ್ರದ ನಾಯಕ ಕೆರೆ ಏರಿಯ ಮೇಲೆ ಸೈಕಲ್ ಹತ್ತುತ್ತಿದ್ದಂತೆ ಮಹದೇವ ಸೀಟಿನಿಂದ ಎದ್ದು ನಿಂತ.

“ತಲೆ ನೋಯ್ತಿದೆ ಅತ್ತಿಗೆ, ಹೋಗೋಣ.”

“ಕೂತ್ಕೊಳ್ಳಪ್ಪ. ನನ್ನ ಮಗನ್ನ ನೋಡ್ಬೇಕು.”

ನಾಯಕ ಸೈಕಲ್ ಸಮೇತ ನೀರಿಗೆ ಬಿದ್ದ. ಟಾಕೀಸೆಲ್ಲ ನಕ್ಕಿತು. ಏರಿಯ ಮೇಲೆ ಹದಿನೇಳರ ನಾಗೇಂದ್ರನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ಹೆಗಲ ಮೇಲೆ ಕೈಹಾಕಿ ನಿಂತಿದ್ದವನು ಮಹದೇವ.

“ಆವತ್ತು ನೀನು ಊರಲ್ಲೇ ಇರ್ಲಿಲ್ಲ ಅಂದಿದ್ಯಲ್ಲ,” ಎಂದರು ಪಾರ್ವತಮ್ಮ, ಪರದೆಯಿಂದ ಕಣ್ಣು ತೆಗೆಯದೆ.

ಜನ ಇನ್ನೂ ನಗುತ್ತಲೇ ಇದ್ದರು. ಮಹದೇವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಸಿನಿಮಾದವ್ರು ಹೋದ್ಮೇಲೆ ನಾನೂ ಅವನನ್ನ ಹಂಗೇ ಬೀಳಿಸ್ದೆ ಅತ್ತಿಗೆ. ನಗ್ತಾ ಎದ್ದು ಬರ್ತಾನೆ ಅಂದ್ಕೊಂಡಿದ್ದೆ.”