ಎರಡನೆಯ ಕಾರ್ಡು

ಸಿಂಪಿ ಚಿಪ್ಪುಗಳ ರಾಶಿಯ ಹಿಂದೆ ಕಿಮ್‌ಹೋ ಉಸಿರು ಬಿಗಿಹಿಡಿದು ಕೂತಿದ್ದಳು. ಎದುರಿಗೆ ಬುದಾಯ್ ಬಂದರಿನ ಸಾರ್ವಜನಿಕ ಫೋನಿನ ಮುಂದೆ ಸೊಸೆ ಥಾಮ್ ಬೆನ್ನು ಮಾಡಿ ನಿಂತಿದ್ದಳು, ಏಳು ತಿಂಗಳ ಬಸುರಿ. ಪ್ರತಿ ಭಾನುವಾರ ಸಿಂಪಿ ಬಿಡಿಸುವ ಕೆಲಸ ಮುಗಿದದ್ದೇ ತಡ, ಗಾಳಿಗೆ ಹೋಗಿ ಬರ್ತೀನಿ ಅಂತ ಹೊರಟುಬಿಡುವಳು. ಪಕ್ಕದ ಮನೆಯವಳು ಮೊನ್ನೆಯಷ್ಟೇ ತಲೆಗೆ ಹುಳ ಬಿಟ್ಟಿದ್ದಳು: "ವಿಯೆಟ್ನಾಮಿನ ಸೊಸೆ, ಹುಷಾರು ಕಣೇ. ಮನೇಲಿ ಫೋನಿದ್ರೂ ಬೀದೀಲಿ ನಿಂತು ಮಾತಾಡ್ತಾಳೆ ಅಂದ್ರೆ ಏನರ್ಥ? ಓಡಿಹೋಗೋರ ಲಕ್ಷಣ ಅದು."

ಥಾಮ್ ಕೈಯಲ್ಲಿದ್ದ ಫೋನ್ ಕಾರ್ಡಿನ ಅಂಕಿಗಳನ್ನು ನೋಡಿ ನೋಡಿ ಗುಂಡಿ ಒತ್ತಿದಳು. ಎರಡು ಸಲ ರಿಂಗಾಗುವಷ್ಟು ಹೊತ್ತು ನಿಂತು, ಒಂದು ಮಾತೂ ಆಡದೆ ರಿಸೀವರ್ ಇಟ್ಟುಬಿಟ್ಟಳು. ಆಮೇಲೆ ಸುಮ್ಮನೆ ಕಾದಳು. ಇದು ಯಾವನಿಗೋ ಮಾಡಿದ ಸನ್ನೆಯೇ ಎಂದುಕೊಂಡಳು ಕಿಮ್‌ಹೋ. ಮಗ ದೋಣಿಯಿಂದ ಬಂದು ಕೇಳಿದರೆ ಏನು ಹೇಳುವುದು? ಹೊಟ್ಟೆಯಲ್ಲಿರುವ ಮೊಮ್ಮಗು? ಅಷ್ಟರಲ್ಲಿ ಥಾಮ್ ಮತ್ತೆ ಫೋನು ಹಚ್ಚಿದಳು. ಈ ಸಲ ಮಾತು, ಮಾತಿನ ಮಧ್ಯೆ ಕಿಲಕಿಲ ನಗು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಕಿಮ್‌ಹೋ ಒಂದು ದಿನವೂ ಕೇಳಿರಲಿಲ್ಲ.

ಇನ್ನು ತಡೆಯಲಾಗಲಿಲ್ಲ. ನುಗ್ಗಿ ಹೋಗಿ ರಿಸೀವರ್ ಕಿತ್ತುಕೊಂಡಳು. "ಯಾವನೋ ನೀನು? ಗಂಡಸಾದ್ರೆ ಹೆಸರು ಹೇಳು!"

ಆ ಕಡೆಯಿಂದ ಕೇಳಿದ್ದು ವಯಸ್ಸಾದ ಹೆಂಗಸಿನ ದನಿ.

"ನಮ್ಮಮ್ಮ, ಅತ್ತೆ," ಎಂದಳು ಥಾಮ್, ಬಿಳಿಚಿಕೊಂಡು.

"ಅಮ್ಮನ ಹತ್ರ ಮಾತಾಡೋಕೆ ಕದ್ದು ಬರ್ಬೇಕಾ? ಮನೇಲಿ ಫೋನಿಲ್ವಾ?"

"ನಮ್ಮ ಭಾಷೆ ಆಡಿದ್ರೆ ಬಾತುಕೋಳಿ ಕೂಗಿದ ಹಾಗಿದೆ ಅಂತೀರಲ್ಲ..."

ಅಂದದ್ದು ನಿಜ. ನಗೆಗೆ ಅಂದಿದ್ದಳು, ಅಂದು ಮರೆತೂ ಬಿಟ್ಟಿದ್ದಳು. ಆದರೂ ಪಟ್ಟು ಬಿಡಲಿಲ್ಲ. "ಮತ್ತೆ ಮೊದಲು ರಿಂಗ್ ಮಾಡಿ ಇಟ್ಟೆಯಲ್ಲ, ಅದ್ಯಾರಿಗೆ?"

"ಅಮ್ಮಂಗೇ. ನಮ್ಮೂರಲ್ಲಿ ಅಂಗಡೀಲಿ ಮಾತ್ರ ಫೋನಿರೋದು. ಅವರು ಎತ್ತದಿದ್ರೆ ಕಾರ್ಡಲ್ಲಿ ನಿಮಿಷ ಕಡಿಮೆಯಾಗಲ್ಲ. ರಿಂಗ್ ಕೇಳಿ ಅಮ್ಮನ್ನ ಕೂಗ್ತಾರೆ. ಅವಳು ಕಾಲುವೆ ದಾಟಿ ಬಂದ ಮೇಲೆ ಮತ್ತೆ ಮಾಡ್ತೀನಿ."

ಸವೆದ ಸೋಪಿನ ಚೂರುಗಳನ್ನೂ ಒತ್ತಿ ಅಂಟಿಸಿ ಬಳಸುವ ಕಿಮ್‌ಹೋ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಕಿಲಾಡಿ," ಎಂದಳು. ದನಿ ಇಳಿದಿತ್ತು. ರಿಸೀವರಿನಲ್ಲಿ ಆ ಹೆಂಗಸು ಇನ್ನೂ ಏನೋ ಹೇಳುತ್ತಲೇ ಇದ್ದಳು. "ಏನಂತೆ?"

ಥಾಮ್ ರಿಸೀವರ್ ತೆಗೆದುಕೊಂಡು ಕಿವಿ ಕೊಟ್ಟಳು. "ಹೆರಿಗೆ ಆದ್ಮೇಲೆ ಹಂದಿ ಕಾಲಿನ ಜೊತೆ ಪರಂಗಿಕಾಯಿ ಬೇಯಿಸಿ ಕೊಡ್ಬೇಕಂತೆ. ಹಾಲು ಚೆನ್ನಾಗಿ ಬರುತ್ತಂತೆ. ದೂರದಲ್ಲಿದೀನಿ, ನೀವೇ ನೋಡ್ಕೋಬೇಕು ಅಂತಿದಾಳೆ."

"ಅಷ್ಟೂ ಗೊತ್ತಿಲ್ವಾ ನಂಗೆ? ಕೊಡು ಇಲ್ಲಿ!" ಕಿಮ್‌ಹೋ ರಿಸೀವರಿಗೆ ಬಾಯಿಟ್ಟು, ಗಟ್ಟಿಯಾಗಿ ಕೂಗಿದರೆ ಪರಭಾಷೆಯವರಿಗೂ ಅರ್ಥವಾದೀತು ಎಂಬಂತೆ ಅರಚಿದಳು: "ಕಡಲೆಬೀಜ! ಕಡಲೆಬೀಜಾನೂ ಹಾಕ್ಬೇಕು! ನಾನು ಮಾಡಿ ಹಾಕ್ತೀನಿ, ನೀವು ಯೋಚ್ನೆ ಮಾಡ್ಬೇಡಿ!" ಆ ಕಡೆಯವಳೂ ತನ್ನ ಭಾಷೆಯಲ್ಲಿ ಅಷ್ಟೇ ಗಟ್ಟಿಯಾಗಿ ಕೂಗಿದಳು. ಬಲೆ ಹೊಲಿಯುತ್ತಿದ್ದವರು ತಲೆಯೆತ್ತಿ ನೋಡಿದರು. ನಡುವೆ ಇನ್ನೊಂದು ಹೆಣ್ಣುದನಿ ತೂರಿ ಬಂತು.

"ಇವಳ್ಯಾರೇ, ದೊಡ್ಡೋರು ಮಾತಾಡುವಾಗ ಬಾಯಿ ಹಾಕೋಳು?"

"ಕಾರ್ಡಿನೋಳು, ಅತ್ತೆ, ರೆಕಾರ್ಡು. ನಿಮಿಷ ಮುಗೀತಾ ಬಂತು ಅಂತ ಹೇಳ್ತಾಳೆ," ಎನ್ನುತ್ತ ಥಾಮ್ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು.

ಫೋನು ಕಡಿದುಹೋಯಿತು. ಕಿಮ್‌ಹೋ "ಹಲೋ, ಹಲೋ" ಎಂದು ಕೂಗಿ, ಏಪ್ರನ್ ಜೇಬಿನಲ್ಲಿ ದುಡ್ಡು ತಡಕಾಡುತ್ತ ಕಾರ್ಡು ಮಾರುವ ಅಂಗಡಿಯ ಕಡೆ ದಾಪುಗಾಲು ಹಾಕಿದಳು.

"ಎಲ್ಲಿಗೆ ಅತ್ತೆ? ಒಂದು ವಾರಕ್ಕೆ ಒಂದೇ ಕಾರ್ಡು. ಇವತ್ತಿಗೆ ಸಾಕು."

"ಏನು ಸಾಕು? ಅರ್ಧ ಮಾತಿಗೇ ಫೋನ್ ಕುಕ್ಕಿದೆ ಅಂತ ನನ್ನ ಬೀಗಿತ್ತಿ ಏನಂದ್ಕೊಂಡಾರು!"