ಕೊನೆಯ ಸುತ್ತು

"ಮಾಮಿ, ಕಫನ್ ಒಳಗೆ ಟೊಪ್ಪಿಯೆಲ್ಲ ಹಾಕ್ಲಿಕ್ಕಿಲ್ಲ," ಎಂದ ಅಳಿಯ ಝಿಯಾದ್, ತಲೆಯೆತ್ತದೆ. ಹನ್ನೊಂದೇ ದಿನಕ್ಕೆ ತೀರಿಕೊಂಡ ಮಗನನ್ನು ಕಫನಿನ ಬಿಳಿ ಬಟ್ಟೆಯಲ್ಲಿ ಎತ್ತಿಕೊಂಡು ಗಂಡಸರ ಜೊತೆ ಪಳ್ಳಿಯ ಕಬರಸ್ತಾನಕ್ಕೆ ಹೊರಟ.

ಝೊಹರಾ ಹೊಸ್ತಿಲಲ್ಲೇ ಕೂತಳು. ಕೈಯಲ್ಲಿ ಉಣ್ಣೆಯ ಟೊಪ್ಪಿ. ಕೊನೆಯ ಸುತ್ತು ಬಾಕಿ. ಅತ್ತಾವರದ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಒಂದೊಂದು ಹೆಣಿಗೆಗೂ "ಅಲ್ಲಾಹ್, ಮೊಮ್ಮಗನನ್ನು ಉಳಿಸಿಕೊಡು" ಎಂದು ಬೇಡುತ್ತ ಹೆಣೆದದ್ದು. ಟೊಪ್ಪಿ ಮುಗಿಯುವಾಗ ಮಗು ಮನೆಗೆ ಬರುತ್ತದೆಂದು ತಾನೇ ನಂಬಿಕೊಂಡಿದ್ದಳು.

ಅವಳು ಮತ್ತೆ ಕಡ್ಡಿ ಎತ್ತಿಕೊಂಡಳು. ಒಳಗೆ ಮಲಗಿದ್ದ ಮಗಳು ಬಿಕ್ಕಿದಳು. "ಉಮ್ಮಾ, ಇನ್ನು ಯಾರಿಗೆ ಅದು?"

ಝೊಹರಾ ಒಂದು ಹೆಣಿಗೆ ಹಾಕಿದಳು. "ಅಲ್ಲಾಹ್..." ಎಂದಿತು ಬಾಯಿ, ಅಭ್ಯಾಸದಂತೆ. ಐವತ್ತೆಂಟು ವರ್ಷಗಳಲ್ಲಿ ಮೊದಲ ಸಲ, ಆ ಹೆಸರಿನ ಹಿಂದೆ ಬೇಡಿಕೆ ಯಾವುದೂ ಬರಲಿಲ್ಲ.